ಕುಸುಬಿ ಸಾಲು

ಮೊದಲು ಹೋದದ್ದು ಮೆಂತೆ.
ನಸುಕಿಗೆ ಚೆಂಬು ಹಿಡಿದು ಹೊರಬಂದರೆ
ಮಡಿಯಲ್ಲಿ ಒಂದೆಲೆ ಇಲ್ಲ,
ಹಡಪದ ಮಾಣಿಕಪ್ಪ ಮಷೀನು ಆಡಿಸಿದ ಹಾಗೆ ನುಣ್ಣಗೆ.
ನಡುವೆ ಗೊರಸಿನ ಗುರುತು,
ಬೀದರಿನ ಈ ಕೆಂಪು ಮಣ್ಣಿನಲ್ಲಿ
ಯಾರೋ ಒತ್ತಿಟ್ಟ ಜೋಡಿ ಬಾದಾಮಿ.

"ಚಿಗರಿ" ಅಂದರು ಇವರು, ಹಲ್ಲುಜ್ಜುತ್ತ.
ಅಷ್ಟೇ ಅಂದರು.

ಮರುವಾರ ಪುಂಡಿಪಲ್ಯ, ಆಮೇಲೆ
ಚವಳಿಕಾಯಿಯ ತುದಿ, ಬದನೆಯ ಹೂ,
ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಅವರೆ
ಬುಡದಿಂದ ಒಂದು ಗೇಣು ಉಳಿಯಿತು.
ಮೆಣಸಿನಗಿಡ ಮಾತ್ರ ಮುಟ್ಟಲಿಲ್ಲ.
ಅದಕ್ಕೂ ನಾಲಿಗೆ ಅದ.

ಊರಿಗೆ ಊರೇ ಬುದ್ಧಿ ಹೇಳಿತು.
ಖಾಜಾಬೀ ಹಳೆ ಕ್ಯಾಸೆಟ್ಟಿನ ರೀಲು ಕೊಟ್ಟಳು,
ಗೂಟದಿಂದ ಗೂಟಕ್ಕೆ ಬಿಗಿದರೆ ಗಾಳಿಗೆ ಗುಂಯ್ ಅಂತದ, ಓಡತಾವ ಅಂದಳು.
ಓಡಲಿಲ್ಲ. ನಿದ್ದೆ ಕೆಟ್ಟದ್ದು ನಮ್ಮದು.
ಸೀರೆ ಕಟ್ಟು ಎಂದಳು ಕಸ್ತೂರಬಾಯಿ.
ಕಟ್ಟಿದೆ.
ಸೆರಗನ್ನೂ ಅಗಿದು ನೋಡಿ
ಜರಿ ಉಗುಳಿ ಹೋಗಿತ್ತು.

ಮಾಣಿಕಪ್ಪ ಕೂದಲು ಕೊಟ್ಟ, ಗೊಬ್ಬರದ ಚೀಲದ ತುಂಬ.
"ಮನುಷ್ಯಾರ ವಾಸನಿಗೆ ಬರಂಗಿಲ್ಲ ಅಕ್ಕಾ."
ಹರಿದ ಸೊಳ್ಳೆಪರದೆ ಕತ್ತರಿಸಿ ಪೊಟ್ಟಣ ಹೊಲಿದೆ,
ಬೇಲಿಗುಂಟ ಮೂವತ್ತೆರಡು.
ಒಳಗೆ ಹೆಡ್‌ಮಾಸ್ತರರ ಬಿಳಿ,
ಮದುಮಗ ಸಂಗಶೆಟ್ಟಿಯ ಎಣ್ಣೆಗಪ್ಪು,
ಖಾಜಾಬೀಯ ಗಂಡನ ಮೆಹಂದಿ ಕೆಂಪು,
ಯಾರ ಮನೆಯ ಕೂಸಿನದೋ ಜವಳ.
ಊರಿಗೆ ಊರು ತೂಗಾಡುತ್ತ
ನನ್ನ ಹಿತ್ತಲು ಕಾಯಿತು
ಎಂಟು ದಿನ.
ಒಂಬತ್ತನೆಯ ದಿನ ಟೊಮ್ಯಾಟೊ ಹೋಯಿತು.
ಮೂಸಿ ಮೂಸಿ ಅದಕ್ಕೆ
ನಾವೆಲ್ಲ ಪರಿಚಯದವರಾಗಿರಬೇಕು.

ಆಗ ವೈಜಿನಾಥ ಕಟ್ಟೆಯ ಮೇಲಿಂದ:
"ಲೈನ್‌ಮನ್ ಹೆಂಡತಿ ಆಗಿ ಕೂದಲು ಕಟ್ಟತೀರಲ್ಲ ವೈನಿ.
ಒಂದು ತಂತಿ, ಒಂದು ಕೊಕ್ಕೆ.
ರಾತ್ರಿ ಹಚ್ಚೋದು, ನಸುಕಿಗೆ ತೆಗಿಯೋದು."
ನನಗೂ ಹೊಳೆದಿತ್ತು ಅದು. ಸುಳ್ಳು ಯಾಕೆ.
ಭಾಲ್ಕಿ ಕಡೆಯ ಹದಿನಾರು ಹಳ್ಳಿಗೆ
ಕಂಬ ಹತ್ತಿ ಬೆಳಕು ಬಿಡುವ ಮನುಷ್ಯ
ನನ್ನ ನಾಲ್ಕು ಮಡಿಗೆ ಒಂದು ಚೂರು ಬಿಡಬಾರದೇ?

ಬಡಿಸುತ್ತ ಕೇಳಿದೆ.
ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು.
ಎಡಗೈಯನ್ನು ಬಲ್ಬಿನ ಕೆಳಗೆ ಮಗುಚಿದರು:
ಅಂಗೈಯಲ್ಲಿ ಆ ಹೊಳೆಯುವ ಗೆರೆ, ಮದುವೆಗೂ ಮೊದಲಿನದು.
ಇಷ್ಟು ವರ್ಷ ಕೇಳಿರಲಿಲ್ಲ ನಾನು.
"ಹಳ್ಳದ ಆಚೆ ಒಬ್ಬರ ಕಬ್ಬು.
ಹಂದಿಗಂತ ಬೇಲಿಗೆ ಬಿಟ್ಟಿದ್ದರು.
ಫ್ಯೂಜ್ ತೆಗಿಯೋದನ್ನೂ ಮರೆತು ಬಿಡಸಾಕ ಕೈ ಹಾಕಿದೆ.
ಹಂದಿ ಅಲ್ಲ ಅದು."

ಮತ್ತೇನು ಎಂದು ಕೇಳಲಿಲ್ಲ.
ಬೇಳೆ ಆರಿ ಕೆನೆಗಟ್ಟಿತು.

ಚಿತ್ತಿ ಮಳೆ ಹಿಂದಾದ ಮೇಲೆ ಅವರೇ
ಬೇಲಿಗುಂಟ ಎರಡು ಸಾಲು ಕುಸುಬಿ ಊರಿದರು,
ಅವರಪ್ಪ ಜೋಳದ ಹೊಲದ ಅಂಚಿಗೆ ಹಾಕುತ್ತಿದ್ದ ಹಾಗೆ.
ಎಳೆಯದರಲ್ಲಿ ನಾವು ತಿಂದೆವು, ಪಲ್ಯ ಮಾಡಿ.
ಚಿಗರಿಯೂ ತಿಂದಿತು, ಮಾಡದೆ.
ಎಳ್ಳಮಾಸಿಯ ಹೊತ್ತಿಗೆ ಎಲೆಯ ಅಂಚಿಗೆಲ್ಲ ಸೂಜಿ.
ಈ ಸಲದ ಭಜ್ಜಿಗೆ ಮೆಂತೆ ನನ್ನ ಹಿತ್ತಲದ್ದೇ,
ವೈಜಿನಾಥನ ಮನೆಗೂ ಒಂದು ಡಬ್ಬಿ ಕಳಿಸಿದೆ.

ಗೊರಸುಗಳು ಈಗ ಹೊರಗಿನಿಂದ ಒಂದು ಸುತ್ತು ಹಾಕಿ
ಹಳ್ಳದ ಕಡೆ ತಿರುಗುತ್ತವೆ.

ಇಂದು ಹೂ ಬಿಡಿಸಲು ಹೋಗಿ ನನಗೂ ಚುಚ್ಚಿತು.
ಬೆರಳು ಬಾಯಲ್ಲಿಟ್ಟು ನಿಂತಾಗ ಕಂಡದ್ದು,
ಮುಳ್ಳಿಗೆ ಸಿಕ್ಕ ಮೂರು ನಾಲ್ಕು ಕೂದಲು,
ತುದಿ ಕಂದು, ಬುಡ ಬಿಳಿ.
ಬಿಡಿಸಿಕೊಂಡೆ. ಎಸೆಯಲು ಕೈ ಬರಲಿಲ್ಲ.
ಮೂಲೆಯ ಪೊಟ್ಟಣದ ಹೊಲಿಗೆ ಬಿಚ್ಚಿ
ಮಾಸ್ತರರ ಬಿಳಿ, ಕೂಸಿನ ಜವಳದ ನಡುವೆ
ಅದನ್ನೂ ತುರುಕಿ
ಮತ್ತೆ ಹೊಲಿದೆ.