ಹದಿಮೂರನೆಯ ಬಿಳುಪು

ಮೂರು ಡಬ್ಬಿ ಬಂದವು, ಮೂರು ದೇಶದವು.
ಹೆಸರಿನ ಮೇಲೆ ಕಂದು ಕಾಗದ ಅಂಟಿಸಿ
ಕ, ಚ, ಟ ಎಂದು ಬರೆದವಳು ಫಿಲೋಮಿನಾ.
ಯಾವುದು ಯಾರದೆಂಬ ಚೀಟಿ ಅವಳ ಬೀರುವಿನಲ್ಲಿ,
ಬೀಗದ ಕೈ ಅವಳ ಸೊಂಟದಲ್ಲಿ.
ನನಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು
ತನಗೆ ಬೇಕಾದ ಕಡೆ ವಾಲುತ್ತದೆ,
ಕೆಳಗೆ ಹುಣಸೆಹಣ್ಣು ಮೆತ್ತಿದ ತಕ್ಕಡಿಯ ಹಾಗೆ.

ಅದೇ ವಾರ ಒಬ್ಬ ಏಜೆಂಟರು ಬಂದರು,
ಕಂಕುಳಲ್ಲಿ ಕ್ಯಾಲೆಂಡರು, ಕೈಯಲ್ಲಿ
ಅರ್ಧ ಕೆಜಿ ಮೈಸೂರು ಪಾಕು.
"ಸುಮ್ಮನೆ, ಹಬ್ಬಕ್ಕೆ" ಎಂದರು.
ಯಾವ ಹಬ್ಬ ಎಂದು ಕೇಳಿದೆ.
ಪಾಪ, ಅವರಿಗೂ ತಿಳಿದಿರಲಿಲ್ಲ.
ಹೊತ್ತು ತಂದದ್ದನ್ನು ಹೊತ್ತುಕೊಂಡು ಹೋದರು.

ಜಕ್ಕೂರಿನ ಮೈದಾನದಲ್ಲಿ ಸುಣ್ಣ, ಟಾರು ಬಳಿದು
ಗೆರೆ ಎಳೆದಿದ್ದೆವು, ದಪ್ಪದಿಂದ ಸಣ್ಣಕ್ಕೆ.
ಎಲ್ಲಿಯವರೆಗೆ ಗೆರೆ ಗೆರೆಯಾಗಿ ನಿಲ್ಲುತ್ತದೆ,
ಎಲ್ಲಿ ಕಲಸಿಕೊಂಡು ಬೂದಿಯಾಗುತ್ತದೆ,
ಅಷ್ಟೇ ಫಿಲ್ಮಿನ ಯೋಗ್ಯತೆ.
ಹಿಂದಿನ ರಾತ್ರಿ ಮಳೆ. ಸುಣ್ಣವೆಲ್ಲ ಹಾಲಾಗಿ ಹರಿದು
ಮೋರಿ ಸೇರಿತು.
ವಿಮಾನದ ಬಾಡಿಗೆ ಕಟ್ಟಿಯಾಗಿತ್ತು.
ಕ್ಯಾಪ್ಟನ್ ಪೂಣಚ್ಚ ಕತ್ತೆತ್ತಿ ನೋಡಿ ಹೇಳಿದರು:
"ನೆಲ ಕೆಟ್ಟಿದೆ, ಆಕಾಶ ತೊಳೆದಿದೆ. ಹೋಗೋಣ."

ಬೆಳಿಗ್ಗೆ ಎಂಟೂ ನಲವತ್ತು. ಐದು ಸಾವಿರ ಅಡಿ.
ಒಂದೇ ದಾರಿಯಲ್ಲಿ ಮೂರು ಸಲ,
ಉಳುವವನು ಸಾಲಿಗೆ ಮರಳುವ ಹಾಗೆ.

ಆಮೇಲೆ ಕತ್ತಲೆ. ಕೆಂಪು ದೀಪವೂ ಇಲ್ಲದ ಕತ್ತಲೆ.
ಒಂಬತ್ತು ಇಂಚು ಅಗಲದ ಫಿಲ್ಮು
ಬೆರಳಿಗೆ ಮಾತ್ರ ಕಾಣುತ್ತಿತ್ತು.
ಔಷಧಿ ನೀರು ಇಪ್ಪತ್ತು ಡಿಗ್ರಿ ಇರಬೇಕು;
ಆ ಕಾಲದ ಬೆಂಗಳೂರಿನ ನಲ್ಲಿ
ಕೇಳದೆಯೇ ಅದನ್ನು ಕೊಡುತ್ತಿತ್ತು.
ಕೊಟ್ಟ ದಿನ, ಅಂತ ಸೇರಿಸಬೇಕು.

ಗೆರೆ ಇಲ್ಲದ ಮೇಲೆ ಬೇರೆ ಏನನ್ನು ಎಣಿಸುವುದು?
ಹೆಬ್ಬಾಳ ಕೆರೆಯ ಏರಿಯ ಕಲ್ಲುಗಳ ಮೇಲೆ
ಯಾರೋ ಬಿಳಿ ಬಟ್ಟೆ ಹರಡಿದ್ದರು.
ಕ ಫಿಲ್ಮಿನಲ್ಲಿ ಅದೊಂದು ಚೆಲ್ಲಿದ ಮಜ್ಜಿಗೆ.
ಚ ಫಿಲ್ಮು ಚಾಕು: ಹದಿಮೂರು ತುಂಡು, ಅಂಚು ಅಂಚು ಬೇರೆ,
ಸುತ್ತ ಕಲ್ಲೆಲ್ಲ ಕಾಡಿಗೆ.
ಟ ಮಂಕು. ಬಡ ಬೂದು. ಎಣಿಸಿದರೆ ಅಲ್ಲೂ ಹದಿಮೂರು,
ಆದರೆ ಕೊನೆಯದಕ್ಕೆ ಮಾತ್ರ
ಪಡುವಣಕ್ಕೆ ಚಾಚಿದ ಒಂದು ನೆರಳು.

ಹರಡಿದ ಬಟ್ಟೆಗೆ ನೆರಳೆಲ್ಲಿಯದು?

ಸ್ಕೂಟರಿನಲ್ಲಿ ಹೋದೆ. ಮುನಿಹನುಮಯ್ಯ ಇಸ್ತ್ರಿ ಹಾಕುತ್ತಿದ್ದರು.
ಆಸ್ಪತ್ರೆಯ ಚೀಟಿ ತೆಗೆದು ತೋರಿಸಿದರು:
"ಅವತ್ತು ದುಪ್ಪಟಿ ಹನ್ನೆರಡೇ ಸಾ."
ಹದಿಮೂರನೆಯದು?
"ನಮ್ಮವ್ವ ಇರ್ಬೇಕು. ಇಮಾನದ ಸದ್ದು ಕೇಳಿದ್ರೆ ಸಾಕು,
ಒಗೆಯೋದು ಬಿಟ್ಟು ನಿಂತ್ಕೊಂಡ್ ಬಿಡ್ತಾಳೆ."
ಬಿಳಿ ಸೀರೆ. ವಿಧವೆ.

ವರದಿ ಬರೆದೆ. ಅಂಚಿನ ಚೂಪಿನಲ್ಲಿ ಚ ಮೊದಲು.
ನೆರಳಿನೊಳಗಣ ವಿವರದಲ್ಲಿ ಟ.
ಖರೀದಿ ಸಮಿತಿ ಮೊದಲ ಕಾಲಮ್ಮನ್ನಷ್ಟೇ ಓದಿತು.
ಫಿಲೋಮಿನಾ ಬೀರು ತೆರೆದಳು:
ಚ, ಆ ಮೈಸೂರು ಪಾಕಿನವರದು.
ನನ್ನ ಮುಖ ನೋಡಿ ಕೀ ಗೊಂಚಲು ಕುಲುಕಿ ನಕ್ಕಳು.
ಅಂಕಿ ಅಂಕಿಯೇ. ಸಹಿ ಹಾಕಿದೆ.

ಟ ಚಿತ್ರದ ಒಂದು ಪ್ರತಿ, ಹೊರಗೆ ಒಯ್ಯಬಾರದ್ದು,
ಒಯ್ದೆ.
ಮುದುಕಿ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡಳು.
ತನ್ನನ್ನು ನೋಡಿಕೊಂಡು ಏನೂ ಅನ್ನಲಿಲ್ಲ.
ಬೆರಳು ಮೆಲ್ಲಗೆ ಏರಿಯಿಂದ ಇಳಿಯಿತು,
ಕಾಲುವೆ ದಾಟಿತು, ಜಾಲಿಯ ಹತ್ತಿರ ನಿಂತಿತು.
"ಇಗಾ, ನಮ್ಮ ಕತ್ತೆ" ಎಂದಳು.

ನನ್ನ ಟಿಪ್ಪಣಿಯಲ್ಲಿ ಅದು ಬಂಡೆ.