ಕಣ್ಣಳತೆ

ಪುಸ್ತಕ ಮುಚ್ಚು, ಯೆಸೆನಿಯಾ.
ಎಷ್ಟು ಕುಣಿಕೆ ಅಂತ ಕೇಳುತ್ತೀಯ,
ನನಗೇ ಗೊತ್ತಿಲ್ಲ.
ಮೊದಲು ಒಂದು ಗೇಣು ಹೆಣೆದೆ,
ನೆನೆಸಿ, ಹಿಂಡಿ, ಒಲೆಯ ಹಿಂದಿನ ಸರಳಿಗೆ ಹಾಕಿದೆ.
ಒಣಗಿದ ಮೇಲೆ ನೋಡಿದರೆ
ಗೇಣಿಗೆ ಎರಡು ಬೆರಳು ಕಮ್ಮಿ.
ಉಣ್ಣೆ ಅಂದರೆ ಹಾಗೇ.
ಕುರಿಯ ಮೈಮೇಲೆ ವರ್ಷವಿಡೀ ತೊಯ್ದದ್ದು
ನನ್ನ ಬೋಗುಣಿಯ ನೀರಿಗೆ ನಾಚಿ ಮುದುಡುತ್ತದೆ.

ಈ ಬೂದು ನಮ್ಮ ಕುಂಟ ಕುರಿಯದು.
ಈ ಕಪ್ಪು, ಕೆಸರು ಮತ್ತು ನಲ್ಕಾ ಬೇರು
ಒಂದೇ ಹಂಡೆಯಲ್ಲಿ ಜಗಳಾಡಿ ಬಿಟ್ಟದ್ದು.
ಈ ಜೇನುಗಂದು
ಹಳೇ ಸೇಬಿನ ಕೊಂಬೆಗಳಲ್ಲಿ ಜೋತುಬಿದ್ದ ಮರದ ಗಡ್ಡ.
ಇನ್ನೊಮ್ಮೆ ಬಾ ಅಂದರೆ ಅದೇ ಬಣ್ಣ ಬರುವುದಿಲ್ಲ.
ಹಾಗಾಗಿ ನೂಲು ಮುಗಿದಲ್ಲಿ ಪಟ್ಟೆ ಮುಗಿಯುತ್ತದೆ.
ದಾಲ್ಕಾವೆ ಸಂತೆಯಲ್ಲಿ
ಅದಕ್ಕೇ ವಿನ್ಯಾಸ ಅನ್ನುತ್ತಾರೆ.

ಮೂವತ್ತೆಂಟು ವರ್ಷ ಆ ಸಂತೆಗೆ ಹೆಣೆದೆ.
ಸಗಟಿನ ದೋನ್ ಎಲಿಯೆಸೆರ್ ಕೊಟ್ಟ ಚೀಟಿ
ಗೋಡೆಯ ಮೇಲೆ ಹೊಗೆ ಕುಡಿದು ಕೂತಿತ್ತು:
ಚಿಕ್ಕದು, ನಡುವಿನದು, ದೊಡ್ಡದು.
ಭೂಮಿಯ ಮೇಲಿನ ಜನಕ್ಕೆಲ್ಲ ಮೂರೇ ಮೈ.
ಎಲ್ಲ ಮೈಗೂ ಎರಡು ತೋಳು,
ಎರಡೂ ಸಮ.

ನನ್ನವು ಸಮ ಇಲ್ಲ.
ನೀನು ಗಮನಿಸಿಲ್ಲ, ಯಾರೂ ಗಮನಿಸಿಲ್ಲ,
ಎಡಗೈಯ ಅಂಚು ಮಡಚಿಕೊಂಡೇ ಮುದುಕಿಯಾದೆ.
ಹನ್ನೊಂದು ವರ್ಷ ಆಗ.
ಆಲೂಗಡ್ಡೆ ಮೂಟೆ ತುಂಬಿದ ದೋಣಿ ದಂಡೆಗೆಳೆಯುವಾಗ
ಹಗ್ಗ ಸುತ್ತಿಕೊಂಡು ಮೊಳಕೈ ಮುರಿಯಿತು.
ಕಾಸ್ತ್ರೋದಲ್ಲಿ ಆಸ್ಪತ್ರೆ ಇತ್ತು. ಗಾಳಿ ಬಿಡಲಿಲ್ಲ.
ಅಜ್ಜಿ ತ್ರಾನ್ಸಿತೊ ಎರಡು ಹಲಗೆ ಇಟ್ಟು ಕಟ್ಟಿದಳು,
ಮೂಳೆ ತನಗೆ ತಿಳಿದ ಹಾಗೆ ಕೂಡಿಕೊಂಡಿತು,
ಅದಕ್ಕೂ ಯಾರೂ ಮಾದರಿ ಕೊಟ್ಟಿರಲಿಲ್ಲ.
ಅಂದಿನಿಂದ ಎಡತೋಳು
ಮೂರು ಬೆರಳು ಗಿಡ್ಡ.

ಈ ಜೂನ್‌ನಲ್ಲಿ, ಅದೇ ಮೊಳಕೈ ನಿದ್ದೆ ಕೊಡದ ಒಂದು ರಾತ್ರಿ,
ಎದ್ದು ಕೂತೆ.
ಕುತ್ತಿಗೆಯಿಂದ ಶುರು ಮಾಡಿದೆ.
ಹೆಣೆ, ತಲೆಯಿಂದ ಇಳಿಸಿ ಹಾಕಿಕೊ, ಕನ್ನಡಿಯಲ್ಲಿ ನೋಡು,
ತೆಗೆ, ಬಿಚ್ಚು.
ನಾಲ್ಕು ಕಡ್ಡಿಯೂ ನಾಲ್ಕು ದಿಕ್ಕಿಗೆ ಚುಚ್ಚುತ್ತಿದ್ದವು,
ಬೆಕ್ಕು ಹತ್ತಿರ ಬರಲಿಲ್ಲ.
ಕಂಕುಳಲ್ಲಿ ಮೂರು ಸಲ ಸೋತೆ.
ಬಿಚ್ಚಿದ ನೂಲು ನೋಡಿದ್ದೀಯಲ್ಲ,
ಸುರುಳಿ ಸುರುಳಿ, ಹಿಂದಿನ ತಪ್ಪನ್ನೆಲ್ಲ
ಬಾಯಿಪಾಠ ಮಾಡಿಕೊಂಡಿರುತ್ತದೆ.
ಒದ್ದೆ ಮಾಡಿ ಕಲ್ಲು ಕಟ್ಟಿ ತೂಗಬೇಕು.
ಎರಡು ದಿನಕ್ಕೆ ಮರೆಯುತ್ತದೆ.
ಪೂರ್ತಿ ಅಲ್ಲ.

ಬಲತೋಳು ಬೇಗ ಆಯಿತು, ಕೈಗೆ ರೂಢಿ.
ಎಡತೋಳಿಗೆ ಬಂದಾಗ
ಕೈ ತಾನಾಗಿ ಮೂರು ಬೆರಳು ಹೆಚ್ಚು ಹೆಣೆದುಬಿಟ್ಟಿತು,
ಯಾರೋ ಇನ್ನೊಬ್ಬಳಿಗೆ ಹೆಣೆಯುವ ಹಾಗೆ.
ಅಷ್ಟನ್ನೂ ಬಿಚ್ಚುವಾಗ ಯಾಕೋ ಸಂಕಟವಾಯಿತು.
ಆಮೇಲೆ ನಗು ಬಂತು.

ಭಾನುವಾರ ಸಂತೆಗೆ ಹಾಕಿಕೊಂಡೇ ಹೋದೆ.
ಸಾಂತಿಯಾಗೊದಿಂದ ಬಂದ ಹೆಂಗಸು,
ಬೆರಳಲ್ಲಿ ಉಂಗುರ, ಮೈಯಲ್ಲಿ ಪ್ಲಾಸ್ಟಿಕ್ ಜಾಕೆಟ್ಟು,
ನನ್ನ ಭುಜ ಸವರಿ ಎಷ್ಟು ಅಂದಳು.
ಆಮೇಲೆ ಕಣ್ಣು ಕಿರಿದು ಮಾಡಿ,
ಒಂದು ತೋಳು ಗಿಡ್ಡ ಇದೆಯಲ್ಲ,
ಕಡಿಮೆಗೆ ಕೊಡುತ್ತೀರಾ?
ಕೈ ಚಾಚಿ ತೋರಿಸಿದೆ.
ಅಂಚು ಮಣಿಕಟ್ಟಿನ ಮೇಲೆ
ಕದಕ್ಕೆ ಅಗುಳಿ ಕೂತ ಹಾಗೆ ಕೂತಿತ್ತು.
ಅವಳು ಕೈ ನೋಡಿದಳು, ನನ್ನ ಮುಖ ನೋಡಿದಳು,
ಒಂದು ಜೊತೆ ಕಾಲುಚೀಲ ಕೊಂಡು ಹೋದಳು.

ಇರಲಿ. ಬಾ ಇಲ್ಲಿ, ಬೆಳಕಿಗೆ ನಿಲ್ಲು.
ಕೈ ಎತ್ತು. ಇಳಿಸು. ಉಸಿರು ಬಿಗಿಹಿಡಿಯಬೇಡ,
ಉಸಿರಾಡುವ ಎದೆಗಲ್ಲವೇ ಹೆಣೆಯುವುದು.
ತಿರುಗು.
ನಿನ್ನ ಬಲ ಭುಜ ಒಂದು ಬೆರಳು ಇಳಿದಿದೆ,
ಯಾರೂ ಹೇಳಿರಲಿಲ್ಲವೇ?

ಅದನ್ನು ಬೇಕಾದರೆ ಬರೆದುಕೊ.