ನಾಲ್ಕು ಹೆಜ್ಜೆ

ಮಟಮಟ ಮಧ್ಯಾಹ್ನ. ನಾಲೆಯ ನೀರು
ಕಣ್ಣಿಗೆ ಕನ್ನಡಿ ಹಿಡಿದಿತ್ತು.
ಹಿಂದೆ ಎರಡು ಟ್ರೈಲರು, ಹದಿನೆಂಟು ಟನ್ನು ಕಬ್ಬು,
ಮುಂದೆ ನಾನು, ಐವತ್ತೆಂಟು ಕೆಜಿ.

ಟ್ರೈಲರಿಗೆ ಬ್ರೇಕಿಲ್ಲ. ಇದು ಊರಿಗೆಲ್ಲ ಗೊತ್ತು,
ಕಬ್ಬಿಗೊಂದು ಬಿಟ್ಟು.

"ನೀನು ನಿಂತ್ರೂ ಅದು ನಿಲ್ಲಾಕಿಲ್ಲ ಕಣ್ಲಾ,"
ಎನ್ನುತ್ತಿದ್ದ ಮಾಯಿಗಣ್ಣ, ಬೀಡಿ ಕಿವಿಗೆ ಸಿಕ್ಕಿಸಿ,
ಸವೆದ ಟಯರಿನ ಮೇಲೆ ಹೆಬ್ಬೆರಳು ಆಡಿಸುತ್ತ
ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ.
"ಕಣ್ಣು ಕಂಡಿದ್ದು ಕಾಲಿಗೆ ಗೊತ್ತಾಗಕ್ಕೆ
ಒಸಿ ಹೊತ್ತು ಬೇಕು. ಅಷ್ಟೊತ್ತೂ
ಗಾಡಿ ನಿನ್ನ ಮಾತು ಕೇಳಿಸ್ಕೊಂಡೇ ಇಲ್ಲ.
ನಿದ್ದೆಗೆಟ್ಟಿದ್ರೆ ಅದರ ಎರಡರಷ್ಟು."

ನಾನು ಮೂರು ರಾತ್ರಿ ಮಲಗಿರಲಿಲ್ಲ.
ಫ್ಯಾಕ್ಟರಿ ಗೇಟಿನ ಸಾಲಿನಲ್ಲಿ ಸ್ಟೀರಿಂಗಿಗೆ ಹಣೆ ಕೊಟ್ಟು,
ಮುಂದಿನ ಗಾಡಿ ಮಾರು ಸರಿದರೆ ಮಾರು ಸರಿದು,
ಮತ್ತೆ ಹಣೆ.

ಜಕ್ಕನಹಳ್ಳಿ ಕಡೆಯ ಇಳಿಜಾರು, ತಿರುವು ಕಳೆದದ್ದೇ
ರಸ್ತೆ ಇಲ್ಲ.
ಡಾಂಬರಿನುದ್ದಕ್ಕೂ ಹರವಿದ ಹುರುಳಿ,
ಉದುರಿದ ಕಾಳು ಸೈಕಲ್ ಹಬ್ಬಿನ ಬಾಲ್ಸಿನಂತೆ ಮಿಂಚುತ್ತ,
ಅದರ ನಡುವೆ ನನಗೆ ಬೆನ್ನು ಮಾಡಿ, ಬಗ್ಗಿ,
ಪೊರಕೆ ಹಿಡಿದ ಒಂದು ಕೆಂಪು ಸೀರೆ.

ಒಂದೇ ಸಲ ತುಳೀಬೇಡ. ಒತ್ತು, ಬಿಡು, ಒತ್ತು.
ಗೇರು ಇಳಿಸು. ಚಕ್ರ ಉರುಳುವ ತನಕ ಗಾಡಿ ನಿನ್ನದು,
ಕಚ್ಚಿಕೊಂಡರೆ ಹುರುಳಿಯದು.
ಕಬ್ಬು ಮಾತ್ರ ಇನ್ನೂ ಮಂಡ್ಯಕ್ಕೇ ಹೊರಟಿತ್ತು,
ಕೊಂಡಿ ಕಟಕಟ ಹಲ್ಲು ಕಡಿದು
ನನ್ನ ಬೆನ್ನುಮೂಳೆಯನ್ನು ಮುಂದೆ ಮುಂದೆ ದಬ್ಬುತ್ತ.

ನಿಂತಿತು.

ಇಳಿದೆ. ಕಾಲು ನನ್ನವಾಗಿರಲಿಲ್ಲ, ಆದರೂ ಎಣಿಸಿದೆ.
ಅವಳನ್ನು ಕಂಡ ಹೊಂಗೆ ಮರದಿಂದ ಮುಂದಿನ ಚಕ್ರಕ್ಕೆ
ಐವತ್ತಮೂರು ಹೆಜ್ಜೆ.
ಚಕ್ರದಿಂದ ಪೊರಕೆಗೆ
ನಾಲ್ಕು.
ಆ ನಾಲ್ಕರಲ್ಲಿ ಮಾಯಿಗಣ್ಣನದು ಯಾವುದು,
ಹೋದ ವಾರ ಬೈದುಕೊಂಡೇ ಹಾಕಿಸಿದ ಲೈನರಿನದು ಯಾವುದು,
ಯಾವುದು ಬರೀ ಯಾರದೋ ಪುಣ್ಯ,
ಲೆಕ್ಕ ಹರಿಯಲಿಲ್ಲ.

ಅವಳು ತಿರುಗಿದಳು. ನನ್ನ ಮುಖ ನೋಡಲಿಲ್ಲ.
ಚಕ್ರದ ಮುಂದಿನ ಕಾಯಿ ಎತ್ತಿ, ಉಗುರಲ್ಲಿ ಬಿಡಿಸಿ,
"ಯಾಕಪ್ಪಾ ನಿಲ್ಸ್‌ಬುಟ್ಟೆ? ಹಂಗೇ ಹತ್ತಿಸ್ಕೊಂಡು ಹೋಗು,
ಈ ಕಡೇದು ಇನ್ನೂ ಕಾಳು ಬಿಟ್ಟಿಲ್ಲ," ಎಂದು
ಪೊರಕೆ ಸಮೇತ ಮಣ್ಣಿಗೆ ಸರಿದಳು.

ಮೊದಲನೇ ಗೇರು.
ಹುರುಳಿ ಚಟಪಟ ಎಂದಿತು, ಅಷ್ಟು ಹೊತ್ತೂ
ನಾನು ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ.